ಹಿಂಡಿಯಲ್ಲಿ ಉಳಿದದ್ದು

ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ
ಹತ್ತೊಂಬತ್ತು ವರ್ಷ ನಡಾವಳಿ ಬರೆದವನು ನಾನು.
ಯಾರು ಕೆಮ್ಮಿದರು, ಯಾರು ಗಡಿಯಾರ ನೋಡಿದರು
ಬರೆಯುವಂತಿಲ್ಲ.
ಚರ್ಚಿಸಲಾಯಿತು, ಸರ್ವಾನುಮತ, ವಂದನಾರ್ಪಣೆ;
ಆಮೇಲೆ ಖಾರಮಂಡಕ್ಕಿ, ಅರ್ಧ ಲೋಟ ಚಹಾ.

ಫಿಟ್ಟರ್ ದಾದಾಪೀರ್ ಒಂದು ದಿನ
ಹಿಂಡಿಯ ಬಿಲ್ಲೆಯೊಂದನ್ನು ನನ್ನ ಮೇಜಿನ ಮೇಲಿಟ್ಟು
ಹೆಬ್ಬೆರಳಿಂದ ಒತ್ತಿದ.
"ನೋಡ್ರಿ ಸಾರ್, ಇನ್ನೂ ಬೆವರ್ತೈತೆ."
ಶೇಂಗಾ ಬೀಜ ಎಕ್ಸ್‌ಪೆಲ್ಲರಿನ ಬಾಯಿಗೆ ಬೀಳುವ ಮೊದಲು
ಚೂರು ಹಬೆ ಕುಡಿಸಬೇಕಂತೆ.
ಗುಜರಿಯ ಬಾಯ್ಲರ್ ಕೊಳವೆ, ಸೈಕಲ್ ಚೈನು, ಸ್ವಂತ ದುಡ್ಡು,
ರಾತ್ರಿಪಾಳಿಯಲ್ಲಿ ಮೂರನೇ ಯಂತ್ರಕ್ಕೆ ಕಟ್ಟಿ ನೋಡಿದ್ದ.
ಮೂಟೆಗೆ ಮುಕ್ಕಾಲು ಲೀಟರ್ ಹೆಚ್ಚು.

ಬೋರ್ಡು ಕೇಳಿದ್ದು ಒಂದೇ ಪ್ರಶ್ನೆ:
"ಯಾರನ್ನ ಕೇಳಿ ಕಟ್ಟಿದ?"
ನಾನು ಬರೆದೆ: ಕಾರ್ಮಿಕನೊಬ್ಬನ ಸಲಹೆಯನ್ನು
ಪರಿಶೀಲಿಸಿ ಮುಂದೂಡಲಾಯಿತು.
ಏಳು ಸಲ ಬರೆದೆ.
ದುಂಡಗಿನ ಅಕ್ಷರ, ಎಲ್ಲೂ ಚಿತ್ತಿಲ್ಲ.

ಬರೆಯದೆ ಬಿಟ್ಟದ್ದು ಇದು:
ಹಿಂಡಿ ಕೊಳ್ಳುತ್ತಿದ್ದವನು ಅಧ್ಯಕ್ಷರ ಅಳಿಯ,
ಅವನೂ ಬೋರ್ಡಿನವನೇ.
ಕೊಡುತ್ತಿದ್ದದ್ದು ಒಣಹಿಂಡಿಯ ದರ,
ಒಯ್ಯುತ್ತಿದ್ದದ್ದು ಸಾಲ್ವೆಂಟ್ ಘಟಕಕ್ಕೆ, ಮತ್ತೆ ಎಣ್ಣೆ ತೆಗೆಸಲು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತ ಗಾದೆ.
ನಾವು ಎಣ್ಣೆ ಹೋಗುವಾಗ ಮುಚ್ಚಿಕೊಂಡಿದ್ದೆವು.

ಸಾಲ ಕೇಳಿದಾಗ ಬ್ಯಾಂಕಿನವರು ಷರತ್ತು ಹಾಕಿದರು:
ಮನೆತನದ ಹೊರಗಿನವರೊಬ್ಬರು ಬೋರ್ಡಿನಲ್ಲಿರಲಿ.
ಬಂದರು ಸರ್ವಮಂಗಳಮ್ಮ,
ಸಹಕಾರ ಇಲಾಖೆಯ ನಿವೃತ್ತ ಆಡಿಟರು,
ಹಿರಿಯೂರು ಬಸ್ಸಿಳಿದು, ಕೈಚೀಲದಲ್ಲೊಂದು ಮರದ ಸ್ಕೇಲು.
ಮಂಡಕ್ಕಿ ಮುಟ್ಟಲಿಲ್ಲ.
ಸ್ಕೇಲು ಸಾಲಿನ ಕೆಳಗಿಟ್ಟು
ಹಳೆಯ ಪುಸ್ತಕಗಳನ್ನೆಲ್ಲ ಓದಿದರು.
ಯಾರಾದರೂ ಓದುತ್ತಾರೆಂದುಕೊಂಡು ಬರೆದವನಲ್ಲ ನಾನು.

"ಹಿಂಡಿ ಯಾರು ಕೊಳ್ತಾರೆ?"
ಫ್ಯಾನಿನ ಸದ್ದು.
"ಹಾಗಾದರೆ ಈ ವಿಷಯ ಮುಗಿಯೋ ತನಕ
ಅವರು ಹೊರಗಿರಲಿ."
ಇಪ್ಪತ್ತು ನಿಮಿಷ ಅಳಿಯ ಬೇವಿನ ಮರದ ಕೆಳಗೆ ನಿಂತ,
ಬೂಟಿನಿಂದ ಶೇಂಗಾ ಸಿಪ್ಪೆ ಒದೆಯುತ್ತ.
ಅಧ್ಯಕ್ಷ ಗುರುಸಿದ್ದಪ್ಪನವರ ಕೈ ಎದ್ದದ್ದು ಕಿವಿಯ ತನಕ;
ನಾನು ಒಪ್ಪಿಗೆಯೆಂದೇ ಎಣಿಸಿದೆ.

ಮೊದಲ ತಿಂಗಳೇ ಕೊಳವೆ ಒಡೆಯಿತು.
ಎರಡು ದಿನ ಮಿಲ್ಲು ಬಂದ್,
ನಲವತ್ತೊಂದು ಸಾವಿರ ಲುಕ್ಸಾನು.
ದಾದಾಪೀರ್ ಬಾಗಿಲಲ್ಲೇ ನಿಂತ,
ಟಿಫಿನ್ ಡಬ್ಬಿ ಕೈಯಲ್ಲಿ, ಹೊರಟವನ ಹಾಗೆ.
"ಅದನ್ನೂ ಬರೀರಿ," ಅಂದರು ಆಕೆ,
"ಒಡೆದದ್ದು, ಯಾಕೆ ಒಡೀತು, ಇನ್ನೊಂದ್ಸಲಕ್ಕೆ ಎಷ್ಟು ಬೇಕು.
ಹೆಸರು ಹಾಕಿ. ಕಾರ್ಮಿಕನೊಬ್ಬ ಅಂತ ಬೇಡ."

ಈಗ ಆರು ಯಂತ್ರಕ್ಕೂ ಹಬೆ.
ಲಾಭದ ಅಂಕಿ ವಾರ್ಷಿಕ ವರದಿಯಲ್ಲಿದೆ,
ಬೇಕಾದವರು ನೋಡಲಿ.
ನಾನು ತೆರೆಯುವುದು ಒಡೆದ ತಿಂಗಳ ಪುಟ.
ಬಿರುಕು ಎಲ್ಲಿತ್ತೆಂದು ತೋರಿಸಲು
ದಾದಾಪೀರ್ ಬೆರಳಿಟ್ಟ ಜಾಗ.
ಎಣ್ಣೆ ಕುಡಿದ ಕಾಗದ ಶಾಯಿ ಹಿಡಿಯಲಿಲ್ಲ.
ಅವನ ಹೆಸರನ್ನು
ಆ ಕಲೆಯ ಸುತ್ತ ಬಳಸಿ ಬರೆದಿದ್ದೇನೆ,
ಸ್ವಲ್ಪ ಸೊಟ್ಟಗೆ.