ಸೋರುವ ಗಾಣ

ಅರಸೀಕೆರೆಯಲ್ಲಿ ಯಾರಾದರೂ ಗಿಡ ನೆಟ್ಟೆ ಎಂದರೆ
ತೆಂಗು ಎಂದೇ ಲೆಕ್ಕ.
ನಾನು ಆಲಿವ್ ಎಂದೆ.
ತಿಪಟೂರು ಬಸ್ಸಿಗೆ ಕಾಯುತ್ತಿದ್ದ ಹೊಂಬಾಳತ್ತೆ
'ಆಲವಾ? ಮನೆ ಹತ್ರ ಆಲ ಹಾಕ್ತಾರೇನೆ,
ಗೋಡೆ ಸೀಳಿಬಿಡುತ್ತೆ' ಎಂದು ಬೈದು
ಬಸ್ಸು ಹತ್ತಿದಳು.

ಗೇಣುದ್ದದ ಗಿಡ. ಹಾಸನದ ಫಲಪುಷ್ಪ ಪ್ರದರ್ಶನದಲ್ಲಿ
ಮುನ್ನೂರೈವತ್ತು ಹೇಳಿ ಇನ್ನೂರೆಂಬತ್ತಕ್ಕೆ ಕೊಟ್ಟ.
ಎಲೆ ಮೇಲೆ ಹಸಿರು, ಮಗುಚಿದರೆ
ಹಳೇ ಕಾಲುಂಗುರದ ಬಣ್ಣ.
'ನೀರು ಕಮ್ಮಿ ಹಾಕಿ ಮೇಡಂ, ಕಾಲು ಒದ್ದೆಯಾದ್ರೆ ಸಾಯುತ್ತೆ.'
ದನದಾಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ
ಕೊಳೆತ ಗೊರಸು ತೊಳೆದವಳು ನಾನು,
ಒದ್ದೆ ಕಾಲಿನ ಕಷ್ಟ ನನಗೆ ಹೇಳಬೇಕೆ.

ಆದರೆ ಅಮ್ಮನ ಕೈಯಲ್ಲಿ ಅಕ್ಕಿ ತೊಳೆದ ನೀರಿದ್ದರೆ
ಅದು ಯಾವುದಾದರೂ ಬುಡ ಸೇರಲೇಬೇಕು.
ಪೇಂಟಿನ ಡಬ್ಬದಲ್ಲಿ ಗಿಡ ಹಳದಿಯಾಯಿತು,
ಒಂದೊಂದೇ ಎಲೆ ಕಳಚಿತು, ಸದ್ದಿಲ್ಲದೆ.

ಹಿತ್ತಲಲ್ಲಿ ತಾತನ ಕಲ್ಲುಗಾಣವಿತ್ತು.
ದೊಡ್ಡಹೊನ್ನಯ್ಯ ಹುಚ್ಚೆಳ್ಳು, ಹರಳು, ಹೊಂಗೆ ಅರೆದ ಒರಳು.
ಎತ್ತು ಸುತ್ತಿದ ಜಾಗದಲ್ಲೀಗ ಒಗೆಯುವ ಕಲ್ಲು, ಡಿಶ್ಶಿನ ಕಂಬ.
ನಲವತ್ತು ವರ್ಷದಿಂದ ಅದರೊಳಗೆ ಮಳೆನೀರು, ಸೊಳ್ಳೆಮರಿ,
ಆಯುಧಪೂಜೆಗೊಂದು ಬೊಟ್ಟು ಕುಂಕುಮ.

'ಇದರಲ್ಲಿ ನೆಡ್ತೀನಿ' ಎಂದೆ.
ಅಪ್ಪ ಬೀಡಿ ಕೆಳಗಿಟ್ಟ.
'ನೆಡು. ಎಣ್ಣೆ ಮರವಂತಲ್ಲ, ನಮ್ಮದೇ ಜಾತಿ.'
'ತಳಕ್ಕೊಂದು ತೂತು ಕೊರೆಸಬೇಕು. ನೀರು ಇಳಿಯೋಕೆ.'
ಅಪ್ಪ ಎದ್ದು ನಿಂತ.

ಒಂದು ತೊಟ್ಟೂ ಸೋರದ ಕಲ್ಲಿಗಾಗಿ
ಅವನಪ್ಪ ಹಿರೇಕಲ್ ಬೆಟ್ಟದ ಬುಡವನ್ನೆಲ್ಲ
ತಟ್ಟಿ ನೋಡಿದ್ದನಂತೆ, ಒಂದು ತಿಂಗಳು,
ಬಂಡೆಗೆ ಕಿವಿಯಿಟ್ಟು.
'ಸೋರೋ ಗಾಣ ಕಂಡಿದೀಯೇನೆ ನೀನು?'
ಮೂರು ದಿನ ಮಾತಿಲ್ಲ.

ಭಾನುವಾರ ಓಬಳೇಶ ಚಾಣ ತಂದ.
ಮಷೀನು ಬೇಡ, ಬಿರುಕು ಬಿಟ್ಟೀತು ಎಂದ.
ಕಲ್ಲನ್ನು ಮಗ್ಗುಲಿಗೆ ಹೊರಳಿಸಿ ಕುಟ್ಟಿದ,
ಹತ್ತು ಗಂಟೆಯಿಂದ ಎರಡರವರೆಗೆ.
ಮೆಹರುನ್ನೀಸಾ ಕಾಂಪೌಂಡಿಗೆ ಮೊಣಕೈಯೂರಿ ನಿಂತಿದ್ದಳು.
ಜೈತೂನ್ ಎಂಬ ಹೆಸರನ್ನು ಚಿಕ್ಕಂದಿನಿಂದ
ಬಾಯಲ್ಲಿಟ್ಟುಕೊಂಡವಳು, ಗಿಡ ಕಂಡದ್ದು ಇದೇ ಮೊದಲು.
'ಇಷ್ಟೇನಾ?' ಎಂದಳು ಎಲೆ ಮುಟ್ಟಿ.
ಮತ್ತೆ ಮುಟ್ಟಿದಳು.

ಎರಡಕ್ಕೆ ತೂತಿನಿಂದ ಬಿಸಿಲು ಒಳಗೆ ಬಂತು,
ಕಾಸಿನಗಲ.
ಜೊತೆಗೇ ಕಲ್ಲಿನ ಹೊಟ್ಟೆಯಿಂದ ವಾಸನೆ ಎದ್ದಿತು,
ಹುಚ್ಚೆಳ್ಳಿನದು, ಯಾವ ಕಾಲದ್ದೋ.
ಅಪ್ಪ ನಡುಮನೆಯಿಂದ ಬಂದ. ಬಗ್ಗಿದ. ಮೂಸಿದ.
ಒಂದು ಮಾತೂ ಆಡದೆ
ಕಲ್ಲು ನೆಟ್ಟಗಾದ ಮೇಲೆ ತೂತಿನ ಮೇಲೊಂದು
ಹೆಂಚಿನ ಚೂರು ಬೋರಲಿಟ್ಟು ಮರಳು ಸುರಿದ.
ಬಿದ್ದ ಗೋಡೆಯ ಸುಣ್ಣದ ಚಕ್ಕೆ ಪುಡಿ ಮಾಡಿ
ನಾನು ಕೆಮ್ಮಣ್ಣಿಗೆ ಬೆರೆಸಿದೆ.

ಐದು ವರ್ಷವಾಯಿತು. ಗಿಡ ನನಗಿಂತ ಎತ್ತರ.
ಗೊರಸು ಕತ್ತರಿಸುವ ಕತ್ತರಿಯಲ್ಲೇ
ಒಳಮುಖದ ರೆಂಬೆ ತೆಗೆಯುತ್ತೇನೆ.
ಹೂವಿಲ್ಲ.
ನಮ್ಮ ಚಳಿ ಅದಕ್ಕೆ ಚಳಿಯೇ ಅಲ್ಲವಂತೆ.
ಪುಷ್ಯಮಾಸದ ನಸುಕಿನಲ್ಲಿ ಶಾಲು ಹೊದ್ದು ಬಂದು
ಇನ್ನಷ್ಟು ಕೊರೆಯಲಪ್ಪ ಎಂದು ಬೇಡಿಕೊಳ್ಳುವವಳು
ಇಡೀ ಗಾಣಿಗರ ಬೀದಿಯಲ್ಲಿ ನಾನೊಬ್ಬಳೇ.
'ಎಣ್ಣೆ ಬಂದಾಗ ಕಣ್ಣು ಮುಚ್ಕೋಬೇಡ ಮತ್ತೆ'
ಅಮ್ಮ ಒಲೆಯ ಮುಂದಿನಿಂದಲೇ ನಗುತ್ತಾಳೆ.
ಹೊಂಬಾಳತ್ತೆ ಈಗಲೂ ಕೇಳುತ್ತಾಳೆ,
ನಿನ್ನ ಆಲ ಗೋಡೆ ಸೀಳಿತಾ?

ಅಕ್ಕಿ ತೊಳೆದ ನೀರು ಹಿಡಿದು ಅಮ್ಮ
ಹಿತ್ತಲ ಬಾಗಿಲಿಗೆ ಬಂದರೆ
ಅವಳಿಗಿಂತ ಮುಂಚೆ ಅಪ್ಪ ಅಲ್ಲಿರುತ್ತಾನೆ.
ತೋರುಬೆರಳು ಎರಡು ಗೆಣ್ಣು ಮಣ್ಣಿಗಿಳಿಸಿ
ಹೊರತೆಗೆದು ಹೆಬ್ಬೆರಳಿಗೆ ಉಜ್ಜುತ್ತಾನೆ,
ಮೊದಲ ಎಣ್ಣೆಯ ಹದ ನೋಡಲು
ಅವನಪ್ಪ ಉಜ್ಜುತ್ತಿದ್ದದ್ದು ಹಾಗೇ ಅಂತೆ.
'ಇವತ್ತು ಬೇಡ' ಎನ್ನುತ್ತಾನೆ.
ಅಮ್ಮ ನೀರನ್ನು ಕರಿಬೇವಿಗೆ ಹಾಕುತ್ತಾಳೆ.