ಬಾಲಕ್

ನಾಲ್ಕ ದಿನ, ಅಷ್ಟ.
ಹೋಗೂದಕ್ಕೊಂದು, ಬರೂದಕ್ಕೊಂದು,
ನಡುವ ಉಳದದ್ದು ಎರಡು.
ಬಣ್ಣ ಹಾಕವರ ಮೇಳ ಅಂತ ಸೊಸೈಟಿಯವರು ಟಿಕೀಟ ತಗಸಿದ್ರು,
ಬೆಟಗೇರಿಯಿಂದ ನಾನೊಬ್ಬ.
ಪಾಸಪೋರ್ಟಿಗೆ ಬೆರಳ ಒತ್ತು ಅಂದಾಗ
ಮಷೀನಿಗೆ ಗೆರಿ ಸಿಗಲಿಲ್ಲ.
ನಲವತ್ತ ವರ್ಷ ಕುದಿಯೂ ಹಂಡೇಕ ಕೈ ಹಾಕಿದಾವನ ಬೆರಳಾಗ
ಏನ ಹುಡುಕ್ತೀರಿ, ಸಾಹೇಬ್ರ?
ಮೂರನೇ ಸಲಕ್ಕ ಹೆಬ್ಬಟ್ಟು ಒಪ್ಪಿತು.

ಫೆಜ್ ಅಂತ ಊರು, ಮೊರಾಕ್ಕೊ ದೇಶ.
ಉಸುರು ಬಿಟ್ಟಷ್ಟ ಸಣ್ಣ ಹೆಸರು,
ಒಳಗ ಹೊಕ್ಕರ ಮುಗೀದ ಗಲ್ಲಿ.
ಕೈ ಚಾಚಿದ್ರ ಎರಡೂ ಗ್ವಾಡಿ ತಾಗತಾವು,
ಮ್ಯಾಲ ಆಕಾಶ ಸೀರಿ ಅಂಚಿನಷ್ಟ.
ತಾಮ್ರ ಬಡಿಯವರ ಸಪ್ಪಳ, ಅದರ ಬೆನ್ನಿಗೆ ದಾಲ್ಚಿನ್ನಿ ವಾಸನಿ,
ಖರ್ಜೂರದ ಗುಡ್ಡದ ತುಂಬ ಜೇನಹುಳ.
ಮಾರಾಂವ ಅವನ್ನ ಓಡಸೂದಿಲ್ಲ,
ಅವೂ ಗಿರಾಕಿ ಇದ್ದಂಗ.
ಒಂದ ಕಟಗರ ಅಂಗಡಿ ಮುಂದ ಒಂಟಿ ತಲಿ ತೂಗ ಹಾಕಿದ್ರು.
ನಾನೂ ಸಾವಜಿ ಮನಿತನದಾಂವ, ಮಾಂಸ ಹೊಸಾದಲ್ಲ.
ಆದರೂ ನಿಂತಬಿಟ್ಟೆ.
ಎಷ್ಟ ಉದ್ದ ರೆಪ್ಪಿ ಅಂತೀನಿ.

ಅಷ್ಟರಾಗ ಬೆನ್ನ ಹಿಂದ:
“ಬಾಲಕ್! ಬಾಲಕ್!”

ಐವತ್ತೆಂಟು ನನಗ. ಮೊಮ್ಮಗಳು ಸಾಲಿಗೆ ಹೋಗತಾಳ.
ಯಾರಪಾ ಇಂವ, ಸಮುದ್ರದಾಚೆ
ಸಾಲಿ ಪುಸ್ತಕದ ಕನ್ನಡದಾಗ ನನ್ನ ಕರಿಯಾಂವ?
ಹೊಳ್ಳಿ ನೋಡೂದ್ರೊಳಗ ಹಸಿ ತೊಗಲು ಹೊತ್ತ ಕತ್ತಿ
ಮಗ್ಗಲಾ ತಿಕ್ಕಿ, ನನ್ನ ಗ್ವಾಡಿಗೆ ಅಂಟಿಸಿ ಹೋತು.
ಸಂಗಾಟ ಇದ್ದ ಇದ್ರಿಸ ನಕ್ಕ ನಕ್ಕ ಕಣ್ಣೊರಸಿಕೊಂಡ.
ಅವಗ ಬರೂದು ಸಿನಿಮಾ ಹಿಂದಿ, ಅದರಾಗ ತಿಳಿಸಿ ಹೇಳಿದ:
ಹಾದಿ ಬಿಡು ಅನ್ನೂದಕ್ಕ ಇಲ್ಲಿ ಹಂಗಂತಾರ, ಚಾಚಾ.

ಗೊತ್ತಾತು. ಗೊತ್ತಾದ್ರ
ಕಿವಿ ಕೇಳಬೇಕಲ್ಲ.
ಸುಣ್ಣದ ಕತ್ತಿ, ಸಿಲಿಂಡರ್ ಹೊತ್ತ ಹೇಸರಗತ್ತಿ,
ರೊಟ್ಟಿ ಹಲಗಿ ತಲಿ ಮ್ಯಾಲಿಟ್ಟ ಹುಡುಗ,
ಎಲ್ಲಾರೂ ಎರಡ ದಿನ ನನ್ನ ಬಾಲಕ ಅಂದ್ರು.
ಎಲ್ಲಾರಿಗೂ ಹಾದಿ ಬಿಟ್ಟೆ.
ನಮ್ಮಪ್ಪ ಸುದ್ದಾ ಹಂಗ ಕರದಿದ್ದಿಲ್ಲ.
ಅಂವ ಕರೀತಿದ್ದದ್ದು “ಲೇ”.

ಬಣ್ಣದವರ ಓಣಿ ಹೊಳಿ ಮಗ್ಗಲಾಗ.
ಹಮೀದ ಅಂತ, ನನ್ನ ವಯಸ್ಸಿನಾಂವ,
ಹಂಡೇದಿಂದ ಲಡಿ ಎತ್ತಾಕತ್ತಿದ್ದ.
ಮಾತಿಲ್ಲ ಕತಿಯಿಲ್ಲ, ನನ್ನ ಅಂಗೈ ತಿರುವಿ ನೋಡಿದ:
ಉಗುರಿನ ಬುಡಕ ಹೋಗದ ನೀಲಿ.
ತನ್ನದೂ ತೋರಿಸಿದ, ದಾಳಿಂಬರ ಸಿಪ್ಪಿಯ ಹಳದಿ.
ಆಮ್ಯಾಲ ಲಡಿಯ ಇನ್ನೊಂದ ತುದಿ ನನ್ನ ಕೈಗೆ ಕೊಟ್ಟ.
ಅಂವ ತನ್ನ ಬಲಕ್ಕ ತಿರುವಿದ, ನಾ ನನ್ನ ಬಲಕ್ಕ.
ಎದುರಾಬದುರಾ ನಿಂತವರಿಗೆ
ಹಿಂಡಾಕ ಅಷ್ಟ ಸಾಕು.
ನೀರು ಇಬ್ಬರ ನಡುವ ಬಿತ್ತು,
ಕಾಲಾಗ ಹರದು ಹೋತು, ಯಾರ ಪಾಲಿಗೂ ಬರದಂಗ.
ಬಣ್ಣ ಕಚ್ಚೈತೋ ಇಲ್ಲೋ ಅಂತ
ನೂಲಿನ ತುದಿ ನಾಲಿಗಿಗೆ ಹಚ್ಚಿದ ಅಂವ.
ನಾನೂ ಹಂಗ ಮಾಡತಿದ್ದೆ,
ಡಾಕ್ಟರು ಬ್ಯಾಡ ಅನ್ನೂತನಕ.

ತಂದದ್ದೇನು?
ಒಣಗಿದ ಪುದಿನಾ ಒಂದ ಪೊಟ್ಟಣ.
ಚಹಾಕ ಹಾಕ ಅಂದ್ರ, ಅಂಬುಬಾಯಿ
ಚಟ್ನಿ ಕುಡದಂಗಾತು ಅಂದ್ಲು.
ಮೊಮ್ಮಗಳಿಗೆ ಹಳದಿ ತೊಗಲಿನ ಚಪ್ಪಲಿ.
ಬಿಚ್ಚಿ ನೋಡಿದ್ರ ಎರಡೂ ಎಡಗಾಲಿನವು.
ಚೌಕಾಶಿ ಮಾಡಿ ಗೆದ್ದೆ ಅಂದಕೊಂಡಿದ್ದೆ.
ಅವು ಟ್ರಂಕಿನ ಮ್ಯಾಲ ಅದಾವ,
ಯಾರೋ ಒಂದ ದಿಕ್ಕಿಗೆ ಹೊಂಟು ನಿಂತಂಗ.

ಮೊನ್ನಿ ಗ್ರೇನ್ ಮಾರ್ಕೆಟ್ಟಿನ ಸಂದ್ಯಾಗ
ಸೋಡಾಖಾರ ತರಾಕ ಹೋಗಿದ್ದೆ.
ಹಿಂದ ಉಳ್ಳಾಗಡ್ಡಿ ಚೀಲದ ತಳ್ಳುಗಾಡಿ,
ನೂಕಾಂವಗ ಇನ್ನೂ ಮೀಸಿ ಮೂಡಿಲ್ಲ.
“ಏ ಯಜ್ಜಾ, ಸರಿ ಅತ್ತಾಗ!”

ಸರೀಲಿಲ್ಲ ನಾ.
ಗಾಡಿ ಹಿಮ್ಮಡಕ್ಕ ಬಂದು ನಿಂತತು.
ಹುಡುಗ ಬೈದ, ಅವನ ಹಿಂದಿನಾಂವ ಬೈದ,
ಮೋಟರ್ ಸೈಕಲ್ಲಿನಾಂವ ಹಾರ್ನಿನಿಂದ ಕೈ ತಗೀಲಿಲ್ಲ.
ನಾ ನಡುಬೀದಿಗೆ ಹಾದಿ ಕಟ್ಟಿ
ಇನ್ನೊಂದ ಶಬ್ದದ ಹಾದಿ ಕಾಯಾಕತ್ತಿದ್ದೆ.