ಸೊರಬದಲ್ಲಿ ಒಂದು ದಿನ ಹೆಚ್ಚಿಗೆ

ಗುರುವಾರಕ್ಕೇ ಕೆಲಸ ಮುಗಿದಿತ್ತು.
ಸಂತೆಯ ತಕ್ಕಡಿ, ದಿನಸಿ ಅಂಗಡಿಯ ಬಟ್ಟು,
ಗುಡಿಗಾರರ ಓಣಿಯಲ್ಲಿ ಗಂಧದ ಚೂರು ತೂಗುವ
ಅಂಗೈಗಿಂತ ಕಿರಿದಾದ ತಟ್ಟೆಗಳಿಗೂ
ಮುದ್ರೆ ಒತ್ತಿ, ರಸೀದಿ ಹರಿದು,
ಬಸ್ಸಿಗೆ ಹೊರಟವಳು ಸೇತುವೆಯ ಮೇಲೆ ನಿಂತೆ.

ಇದೇನಾ ದಂಡಾವತಿ?
ತುಂಗೆಯ ದಡದವಳು ನಾನು; ನನಗೆ
ಹೊಳೆಯೆಂದರೆ ಸದ್ದು.
ಇದು ಪರೀಕ್ಷೆಗೆ ಓದುವ ಹುಡುಗಿಯ ಹಾಗೆ
ತುಟಿಯಷ್ಟೇ ಆಡಿಸಿಕೊಂಡು
ಊರ ಹಿತ್ತಿಲು ದಾಟಿ ಹೋಗುತ್ತಿತ್ತು.
ಒಬ್ಬ ಲಾರಿ ತೊಳೆಯುತ್ತಿದ್ದ. ಇನ್ನೊಬ್ಬ
ತೊಳೆಯುವುದನ್ನು ನೋಡುತ್ತಿದ್ದ.
ಶಿವಮೊಗ್ಗದ ಬಸ್ಸು ಬಂತು, ಹೋಯಿತು.

ಲಾಡ್ಜಿಗೆ ಮರಳಿ ಇನ್ನೊಂದು ರಾತ್ರಿಯ ಬಾಡಿಗೆ ಕಟ್ಟಿದೆ.
ಬಂದ ಕಾರಣ ಎಂಬ ಕಾಲಮ್ಮಿನಲ್ಲಿ
ನಿನ್ನೆಯ 'ಸರ್ಕಾರಿ ಕೆಲಸ'ದ ಕೆಳಗೆ
'ಹೊಳೆ' ಎಂದು ಬರೆದೆ.
ಮ್ಯಾನೇಜರು ಕನ್ನಡಕ ಏರಿಸಿ ಓದಿದರು,
ಬಿಸಿನೀರು ಆರು ಗಂಟೆಗೆ ಅಂದರು.

ಬೆಳಿಗ್ಗೆ ಮೌಲಾಲಿಯ ಆಟೋ.
"ಕೆರೆ ತೋರಿಸು" ಅಂದರೆ "ಯಾವುದು?" ಅಂದ.
"ಎಷ್ಟಿವೆ?"
"ಸಾವಿರ ಅಂತಾರೆ. ಸಾವಿರದ ಇನ್ನೂರು ಅಂತಾರೆ.
ನಮ್ಮಜ್ಜ ಎಣಿಸೋಕೆ ಹೊರಟು
ಮೂರನೇ ಕೆರೆ ಹತ್ತಿರ ಮದುವೆಯಾಗಿ
ಅಲ್ಲೇ ಉಳಿದ."

ಏರಿಯೇ ರಸ್ತೆ. ಒಂದು ಕಡೆ ನೀರು,
ಇನ್ನೊಂದು ಕಡೆ ಅದೇ ನೀರು ಕುಡಿದು ನಿಂತ ಗದ್ದೆ.
ಈ ಕೆರೆಯ ಕೋಡಿ ಮುಂದಿನ ಕೆರೆಗೆ,
ಅದರ ಕೋಡಿ ಅದರ ಮುಂದಿನದಕ್ಕೆ,
ಮನೆಯಿಂದ ಮನೆಗೆ ದಾಟುವ ಹಬ್ಬದ ಬಟ್ಟಲಿನ ಹಾಗೆ;
ಬಟ್ಟಲನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ.
ಹೊಸಕೆರೆ ಎಂಬುದೇ ಎಲ್ಲಕ್ಕಿಂತ ಹಳೆಯದಂತೆ.
ದೊಡ್ಡಕೆರೆಯಲ್ಲಿ ಎಮ್ಮೆಯ ಮೊಣಕಾಲೂ ಮುಳುಗಲಿಲ್ಲ.
"ಬೇಸಿಗೆಗೆ ಬನ್ನಿ, ಕೆರೆಬೇಟೆ ನೋಡೋಕೆ.
ಕೂಣಿ ಹಿಡಿದು ಊರಿಗೆ ಊರೇ ಇಳೀತದೆ."

ಹೆಸರಿಲ್ಲದ್ದೊಂದು ಮಾತ್ರ
ಚಂದ್ರಗುತ್ತಿಯ ಗುಡ್ಡವನ್ನು ಪೂರ್ತಿ ಒಳಗಿಟ್ಟುಕೊಂಡು
ನಡುವೆ ಒಂದು ಒಣ ಕೊರಡಿನ ಮೇಲೆ
ನೀರುಕಾಗೆಯನ್ನು ಕೂರಿಸಿಕೊಂಡಿತ್ತು.
ಎರಡೂ ರೆಕ್ಕೆ ಬಿಚ್ಚಿ ಒಣಗಿಸುತ್ತ
ಅದು ಅಲುಗದೆ ಕೂತದ್ದು ಕಂಡು
ತಕ್ಕಡಿ, ಅಂದುಕೊಂಡೆ.
ಮೂವತ್ತು ವರ್ಷದ ಚಾಳಿ. ನಾಚಿಕೆಯಾಯಿತು.

ತೂಬಿನ ನೆರಳಲ್ಲಿ ಗಾಮಕ್ಕ ಮೀನು ಮಾರುತ್ತಿದ್ದಳು.
ಒಂದು ತಟ್ಟೆಯಲ್ಲಿ ಮೀನು, ಇನ್ನೊಂದರಲ್ಲಿ ಕಲ್ಲು,
ಕಪ್ಪಗೆ, ನುಣ್ಣಗೆ, ಕೆರೆಯೇ ತಿಕ್ಕಿ ಕೊಟ್ಟದ್ದು.
"ಇದು ಕೇಜಿಯಾ?"
"ನಮ್ಮತ್ತೆ ಇಟ್ಕಂಡಿದ್ದ ಕೇಜಿ.
ಅದಕ್ಕೂ ಮೊದಲು ಸೇರಾಗಿತ್ತಂತೆ."

ಕಲ್ಲನ್ನು ತೂಕವೆಂದು ಇಡುವುದು ಅಪರಾಧ.
ಕಲಮು, ದಂಡ, ಜಪ್ತಿಯ ನಮೂನೆ ಎಲ್ಲ ಬಾಯಿಪಾಠ.
ಚೀಲದ ತಳದಿಂದ ಹಿತ್ತಾಳೆಯ ಅಸಲು ಬಟ್ಟು
ತಾನೇ ಕೈಗೆ ಬಂತು.
ಎದುರುಬದುರು ಇಟ್ಟೆ. ಮೌಲಾಲಿ
ಆಟೋ ಆಫ್ ಮಾಡಿ ಇಳಿದು ಬಂದ.
ಮುಳ್ಳು ತಡವರಿಸಿ, ಒಮ್ಮೆ ನನ್ನ ಕಡೆ ನೋಡಿ,
ಕಲ್ಲಿನ ಕಡೆಗೆ ವಾಲಿತು.
ಸಣ್ಣ ಬಟ್ಟು ಒಂದೊಂದೇ ಸೇರಿಸುತ್ತ ಹೋದೆ.
ಇಪ್ಪತ್ತಕ್ಕೆ ಏಳಲಿಲ್ಲ. ನಲವತ್ತಕ್ಕೆ ಸಮವಾಯಿತು.
ಅತ್ತೆಯ ಕಾಲದಿಂದಲೂ, ಪ್ರತಿ ಕೇಜಿಗೆ
ಒಂದು ಪುಟ್ಟ ಮೀನು ಹೆಚ್ಚಿಗೆ.

"ಕಡಿಮೆ ಬಂತಾ?" ಗಾಮಕ್ಕನ ಮುಖ ಸಣ್ಣದಾಯಿತು.
"ಹೆಚ್ಚು."
"ಹಂಗಾರೆ ಸೈ" ಎಂದು ಕಲ್ಲನ್ನು ಸೆರಗಿನಲ್ಲಿ ಒರೆಸಿ
ಇದ್ದಲ್ಲೇ ಇಟ್ಟಳು.

ಹೆಚ್ಚಿಗೆ ಕೊಟ್ಟವರನ್ನು ಏನು ಮಾಡಬೇಕೆಂಬುದು
ಯಾವ ಪುಟದಲ್ಲಿದೆಯೋ, ನೆನಪಾಗಲಿಲ್ಲ.
ನಾನು ಆ ದಿನ ರಜೆಯಲ್ಲಿದ್ದೆ.
ಮೀನು ತಿನ್ನದವಳು ಅರ್ಧ ಕೇಜಿ ಕೊಂಡೆ,
ಮೌಲಾಲಿಯ ಮನೆಗೆ.
ಅರ್ಧಕ್ಕೆ ಬೇರೆ ಕಲ್ಲಿತ್ತು.
ಅದನ್ನು ತೂಗಿ ನೋಡಲಿಲ್ಲ.

ಸಂಜೆ ಮತ್ತೆ ಸೇತುವೆ.
ಲಾರಿ ಇರಲಿಲ್ಲ, ತೊಳೆದವನೂ ಇಲ್ಲ.
ನೋಡುತ್ತಿದ್ದವನು ಇದ್ದ.
ಬಸ್ಸಿಗೆ ಇನ್ನೂ ಹೊತ್ತಿತ್ತು.
ಸ್ವಲ್ಪ ಸರಿದು ಜಾಗ ಕೊಟ್ಟ.